ಕಾಲಡಿಯ ಕಲ್ಲಿನ ಪಾಠ

ರಾಯಚೂರಿನ ಕೋಟೆಗೋಡೆಯಲ್ಲಿರುವ ಸುಮಾರು 41 ಅಡಿ ಉದ್ದದ ಒಂದೇ ಶಿಲೆಯನ್ನು ತಾವು ನೋಡಿರಬೇಕು. ಅದರ ಮೇಲೆ 1294ರ ಶಾಸನವಿದೆ. ಬಂಡೆಯನ್ನು ಬಂಡಿಯಲ್ಲಿ ಎಳೆತಂದ ಚಿತ್ರವೂ ಉಂಟು. ಅದನ್ನು ತರಿಸಿದವರಾರೆಂದು ಚರಿತ್ರೆಯ ಮೇಷ್ಟ್ರು ಹೇಳಿಯಾರು. ಆ ಬಂಡೆ ಹುಟ್ಟಿದ ಬಗೆಯನ್ನು ಹೇಳುವವರಾರು?

ಈ ನೆಲವನ್ನು ಕೆದಕಿ ನೋಡಿದವರು ಹೆಚ್ಚಾಗಿ ಚಿನ್ನದ ಆಸೆಯವರು. ದೇವದುರ್ಗ, ಮಾನ್ವಿಗಳ ಕಡೆಯದು ಬಹುಪಾಲು ಗ್ರಾನೈಟು, ನೈಸು ಶಿಲೆಗಳ ಸೀಮೆ. ನಡುನಡುವೆ ಕಪ್ಪು ಹಸುರಿನ ಪದರಗಲ್ಲಿನ ಪಟ್ಟಿಗಳು. ಅಂಥ ಶಿಲಾವರ್ಗಕ್ಕೆ 'ಧಾರವಾಡ' ಎಂದು 1880ರ ದಶಕದಲ್ಲಿ ಹೆಸರಿಟ್ಟವನು ರಾಬರ್ಟ್ ಬ್ರೂಸ್ ಫೂಟ್. ಹಟ್ಟಿಯ ಚಿನ್ನ ಇಂಥದೇ ಪಟ್ಟಿಯದು. 1915ರಲ್ಲಿ ಬೀಡನ್ ಎಂಬ ಗಣಿ ಇಂಜಿನಿಯರನು ಮಸ್ಕಿಯಲ್ಲಿ ಅಶೋಕನ ಹೆಸರುಳ್ಳ ಶಾಸನವನ್ನೇ ಕಂಡನು. (ಅವನಿಗೆ ಚಿನ್ನ ಸಿಕ್ಕಿತೆ ಎಂದು ಈಗ ಯಾರೂ ಕೇಳರು!)

ಆದರೆ ಈ ತಿಳಿವಳಿಕೆಯೆಲ್ಲ ಇಂಗ್ಲಿಷ್ ವರದಿಗಳಲ್ಲಿ ಉಳಿಯಿತು. ಶಾಲೆಯ ಹುಡುಗನಿಗೆ ದಕ್ಕಲಿಲ್ಲ. 1958ರಲ್ಲಿ ಭಾರತೀಯ ಭೂವೈಜ್ಞಾನಿಕ ಸಂಘ ಹುಟ್ಟಿತು. ಬೆಂಗಳೂರಿನಲ್ಲಿ ಅದನ್ನು ಬೆಳೆಸಿದವರಲ್ಲಿ ಬಿ. ಪಿ. ರಾಧಾಕೃಷ್ಣ ಪ್ರಮುಖರು. ಶಾಲಾ ಮಕ್ಕಳ ಅಂತರರಾಷ್ಟ್ರೀಯ ಭೂವಿಜ್ಞಾನ ಒಲಿಂಪಿಯಾಡ್ 2007ರಲ್ಲಿ ಕೊರಿಯಾದಲ್ಲಿ ಮೊದಲಾದ ಮೇಲೆ, ಈ ಸಂಘವೂ ಕೇಂದ್ರದ ಭೂವಿಜ್ಞಾನ ಸಚಿವಾಲಯವೂ ಕೈಗೂಡಿಸಿದುವು; 2013ರಲ್ಲಿ ಏಳನೆಯ ಕೂಟ ಮೈಸೂರಿಗೇ ಬಂದಿತು. ಬೇರೆ ಬೇರೆ ದೇಶದ ಮಕ್ಕಳನ್ನು ಒಂದೇ ತಂಡವಾಗಿ ಬೆರೆಸಿ ಬಯಲಿಗೆ ಕಳುಹುವುದು ಅದರ ಪದ್ಧತಿ. ಪರೀಕ್ಷೆಗಿಂತ ನನಗೆ ಇದೇ ಹಿಡಿಸಿತು.

ದೇವದುರ್ಗದ ಶಾಲೆಯಿಂದ ಅಂಥದೊಂದು ತಂಡ ಹೊರಡುವುದಕ್ಕೆ ಬಸ್ಸೂ ಬೇಡ; ಗುಡ್ಡ ಊರ ಬಾಗಿಲಲ್ಲೇ ಇದೆ.