.45 ಎಂಬ ಸಂಖ್ಯೆ ಮತ್ತು ಎಲ್ಲರೂ ಮರೆತ ಒಂದು ಸಲಹೆ

ಅಮೆರಿಕದಲ್ಲಿ ಆತ್ಮರಕ್ಷಣೆಗೆಂದು ಪಿಸ್ತೂಲು ಕೊಳ್ಳುವವರ ನಡುವೆ ಮುಗಿಯದ ಜಗಳವೊಂದಿದೆ: 9 ಎಂಎಂ ಒಳ್ಳೆಯದೋ, .45 ಒಳ್ಳೆಯದೋ? ಕ್ಯಾಲಿಬರ್ ಅಂದರೆ ಸ್ಥೂಲವಾಗಿ ಗುಂಡಿನ ವ್ಯಾಸ. .45 ಇಂಚು ಅಂದರೆ ಸುಮಾರು 11.4 ಮಿ.ಮೀ. ವ್ಯತ್ಯಾಸ ಎರಡೂವರೆ ಮಿ.ಮೀ. ಕೂಡ ಇಲ್ಲ! ಆದರೂ ಈ ಜಗಳಕ್ಕೆ ನೂರು ವರ್ಷ ದಾಟಿದೆ.

ಇದರ ಬೇರು ಇರುವುದು ಫಿಲಿಪ್ಪೀನ್ಸ್‌ನಲ್ಲಿ. ಅಮೆರಿಕದ ಸೈನ್ಯ 1892ರಲ್ಲಿ .38 ರಿವಾಲ್ವರ್‌ಗೆ ಬದಲಾಗಿತ್ತು. ಫಿಲಿಪ್ಪೀನ್ಸ್ ಅಮೆರಿಕದ ಕೈಗೆ ಬಂದ ಮೇಲೆ ಅಲ್ಲಿನ ಮೋರೋ ಜನ ತಮ್ಮ ನೆಲಕ್ಕಾಗಿ ಕತ್ತಿ ಹಿಡಿದು ನುಗ್ಗಿದರು. ಹಲವು ಗುಂಡು ತಗುಲಿದರೂ ಅವರು ನಿಲ್ಲುತ್ತಿಲ್ಲ ಎಂಬ ದೂರು ಶುರುವಾಯಿತು. 1904ರಲ್ಲಿ ಥಾಂಪ್ಸನ್ ಎಂಬ ಅಧಿಕಾರಿ (ಮುಂದೆ ಟಾಮಿ ಗನ್ನಿಗೆ ಹೆಸರಾದವನು ಇವನೇ) ಮತ್ತು ಲಾಗಾರ್ಡ್ ಎಂಬ ಸೈನ್ಯದ ವೈದ್ಯ ಶಿಕಾಗೋದ ಕಸಾಯಿಖಾನೆಯ ದನಗಳ ಮೇಲೆ, ಹೆಣಗಳ ಮೇಲೆ ಗುಂಡು ಹಾರಿಸಿ ನೋಡಿದರು. ಓದುವಾಗಲೇ ಹೊಟ್ಟೆ ತೊಳಸುತ್ತದೆ. ಅವರ ತೀರ್ಪು: .45ಕ್ಕಿಂತ ಕಡಿಮೆ ಬೇಡ. 1911ರಲ್ಲಿ ಬಂದ .45 ಪಿಸ್ತೂಲು, 1985ರಲ್ಲಿ 9 ಎಂಎಂ ಬೆರೆಟ್ಟಾ ಆಯ್ಕೆಯಾಗುವವರೆಗೂ ಸೈನ್ಯದ ಮುಖ್ಯ ಪಿಸ್ತೂಲಾಗಿತ್ತು.

ಆದರೆ ಅದೇ ವರದಿಯಲ್ಲಿ ಇನ್ನೊಂದು ಮಾತಿತ್ತು. ಮರ್ಮಸ್ಥಾನಕ್ಕೆ ಬೀಳದಿದ್ದರೆ ಯಾವ ಗುಂಡನ್ನೂ ನಂಬುವಂತಿಲ್ಲ, ಆದ್ದರಿಂದ ಸೈನಿಕರಿಗೆ ಗುರಿಯ ಅಭ್ಯಾಸ ಬಿಡದೆ ಮಾಡಿಸಿ ಅಂತ. ಸಂಖ್ಯೆ ಎಲ್ಲರಿಗೂ ನೆನಪುಳಿಯಿತು, ಈ ಸಲಹೆ ಉಳಿಯಲಿಲ್ಲ.

1986ರ ಏಪ್ರಿಲ್ 11ರಂದು ಮಯಾಮಿಯಲ್ಲಿ ಎಫ್‌ಬಿಐನ ಎಂಟು ಮಂದಿ ಇಬ್ಬರು ಬ್ಯಾಂಕ್ ದರೋಡೆಕೋರರನ್ನು ಅಡ್ಡಗಟ್ಟಿದರು. ಒಬ್ಬನಿಗೆ ಬಿದ್ದ 9 ಎಂಎಂ ಗುಂಡು ತೋಳನ್ನು ದಾಟಿ ಎದೆಗೆ ಹೊಕ್ಕು, ಹೃದಯಕ್ಕೆ ಸ್ವಲ್ಪ ಮೊದಲೇ ನಿಂತುಬಿಟ್ಟಿತು. ಅವನು ಗುಂಡು ಹಾರಿಸುತ್ತಲೇ ಇದ್ದ. ಕೊನೆಗೆ ದರೋಡೆಕೋರರಿಬ್ಬರೂ ಸತ್ತರು, ಆದರೆ ಅಷ್ಟರಲ್ಲಿ ಇಬ್ಬರು ಏಜೆಂಟರೂ ಪ್ರಾಣ ಬಿಟ್ಟಿದ್ದರು. ಮತ್ತೆ ತಪ್ಪೆಲ್ಲ ಗುಂಡಿನದಾಯಿತು! ಆ ದರೋಡೆಕೋರನ ಕೈಯಲ್ಲಿದ್ದದ್ದು ರೈಫಲ್, ಏಜೆಂಟರಲ್ಲಿ ಹೆಚ್ಚಿನವರ ಕೈಯಲ್ಲಿದ್ದದ್ದು ಪಿಸ್ತೂಲು, ರಿವಾಲ್ವರ್. ಕೈಗೆ ಪೆಟ್ಟು ಬಿದ್ದ ಒಬ್ಬ ಏಜೆಂಟನಿಗೆ ರಿವಾಲ್ವರ್‌ಗೆ ಮತ್ತೆ ಗುಂಡು ತುಂಬಲೇ ಆಗಲಿಲ್ಲ. ಇವೆರಡೂ ಕ್ಯಾಲಿಬರಿನ ತೊಂದರೆ ಅಲ್ಲವಲ್ಲ?

ಎಫ್‌ಬಿಐ ಮೊದಲು 10 ಎಂಎಂ ಹಿಡಿಯಿತು. ಅದರ ಒದೆತ ಜಾಸ್ತಿಯಾಯಿತು. 1990ರಲ್ಲಿ .40 ಮಾರುಕಟ್ಟೆಗೆ ಬಂತು, ಮುಂದೆ ಎಫ್‌ಬಿಐ ಅದನ್ನೇ ಹಿಡಿಯಿತು. 2014ರಲ್ಲಿ ಅವರದೇ ತರಬೇತಿ ವಿಭಾಗ ಹೇಳಿತು: ಈಗಿನ ಗುಂಡುಗಳಲ್ಲಿ 9 ಎಂಎಂ ಸಾಕು, ಒದೆತ ಕಡಿಮೆ, ಗುರಿ ಬೇಗ ಸಿಗುತ್ತದೆ. ಪೊಲೀಸರು ಹಾರಿಸುವ ಗುಂಡುಗಳಲ್ಲಿ ಶೇ. 70ರಿಂದ 80ರಷ್ಟು ಗುರಿಯನ್ನೇ ತಪ್ಪುತ್ತವೆ ಎಂದೂ ಅದರಲ್ಲಿತ್ತು.

ಅಂದರೆ 1904ರ ಆ ಎರಡನೇ ಮಾತಿಗೇ ನೂರಾ ಹತ್ತು ವರ್ಷಗಳ ನಂತರ ವಾಪಸ್ ಬಂದ ಹಾಗಾಯಿತು. ಜನ ಸತ್ತಾಗಲೆಲ್ಲ ಸಂಖ್ಯೆ ಬದಲಾಯಿಸುವುದು ಸುಲಭ. ಕೋಡ್ ತಪ್ಪಿದಾಗ ಕಂಪ್ಯೂಟರ್ ಬದಲಾಯಿಸುವ ನಮ್ಮವರ ಹಾಗೆ. ಅಭ್ಯಾಸ ಮಾಡಿಸುವುದು ಕಷ್ಟ, ಅದನ್ನು ಅಂಗಡಿಯಲ್ಲಿ ಮಾರುವುದಕ್ಕೂ ಆಗುವುದಿಲ್ಲ.