ಮೊಯ್ಸೆಸ್ ವಿಲ್ಲೆ: ವಂಶಚರಿತ್ರೆಯ ಆಕರಗಳು

ರಷ್ಯನ್ ಸಾಮ್ರಾಜ್ಯದ ಪೊಡೋಲಿಯಾ ಪ್ರದೇಶದಿಂದ ಹೊರಟ ಎಂಟುನೂರಕ್ಕೂ ಹೆಚ್ಚು ಯೆಹೂದಿಗಳು 1889ರ ಆಗಸ್ಟ್‌ನಲ್ಲಿ ‘ವೇಸರ್’ ಎಂಬ ಹಡಗಿನಲ್ಲಿ ಬ್ಯೂನಸ್ ಐರಿಸ್ ತಲುಪಿದರು. ಮಾತುಕೊಟ್ಟಿದ್ದ ಜಮೀನು ಅವರಿಗೆ ದೊರೆಯಲಿಲ್ಲ. ಕೊನೆಗೆ ಸಾಂತಾ ಫೆ ಪ್ರಾಂತ್ಯದಲ್ಲಿ ಪೆಡ್ರೊ ಪಾಲಾಸಿಯೋಸ್ ಎಂಬ ಭೂಮಾಲೀಕನ ನೆಲಕ್ಕೆ ಹೋದರು. ಅಲ್ಲಿನ ರೈಲುನಿಲ್ದಾಣದ ಬಳಿ ಸೂರೂ ಇಲ್ಲದೆ, ಸಾಕಷ್ಟು ಆಹಾರವೂ ಇಲ್ಲದೆ ಕಳೆದ ದಿನಗಳಲ್ಲಿ ಅನೇಕ ಮಕ್ಕಳು ಸಾಂಕ್ರಾಮಿಕ ರೋಗಕ್ಕೆ ಬಲಿಯಾದರು. ಆದುದರಿಂದ ಹಡಗಿನ ಪಟ್ಟಿಯನ್ನೇ ನೆಚ್ಚಿ ವಂಶವೃಕ್ಷ ರಚಿಸುವುದು ಅಪಾಯಕರ. ಅದರಲ್ಲಿರುವ ಎಷ್ಟೋ ಹೆಸರುಗಳು ನೆಲೆಯ ಮುಂದಿನ ಕಡತಗಳಲ್ಲಿ ಕಾಣಿಸುವುದೇ ಇಲ್ಲ.

ಹೆಸರುಗಳ ತೊಡಕು ಇನ್ನೂ ದೊಡ್ಡದು. ರಬ್ಬಿ ಅಹರೋನ್ ಗೋಲ್ಡ್‌ಮನ್ ಸೂಚಿಸಿದ ‘ಕಿರ್ಯಾತ್ ಮೋಶೆ’ಯೇ ಮೊಯ್ಸೆಸ್ ವಿಲ್ಲೆ ಆಯಿತು. ಊರಿನ ಪಾಡೇ ಹೀಗಾದ ಮೇಲೆ ಜನರ ಹೆಸರುಗಳ ಪಾಡೇನು! ಮೋಶೆ ಮೊಯ್ಸೆಸ್ ಆದ, ಹಾಯಿಮ್ ಹಾಯ್ಮೆ ಆದ. ರಷ್ಯನ್ ದಾಖಲೆಗಳ ತಾರೀಖುಗಳಾದರೋ ಆ ಶತಮಾನದಲ್ಲಿ ಅರ್ಜೆಂಟೀನಾದ ಪಂಚಾಂಗಕ್ಕಿಂತ 12 ದಿನ ಹಿಂದೆ.

ಬ್ಯಾರನ್ ಮಾರಿಸ್ ಡಿ ಹಿರ್ಷ್ 1891ರಲ್ಲಿ ಸ್ಥಾಪಿಸಿದ ಯೆಹೂದಿ ವಸಾಹತು ಸಂಘದ ಕಡತಗಳು ಜೆರುಸಲೇಮಿನಲ್ಲಿವೆ. ಬ್ಯೂನಸ್ ಐರಿಸ್‌ನ ಸಂಗ್ರಹದ ಗತಿ ಬೇರೆ. 1994ರ ಜುಲೈ 18ರಂದು ಯೆಹೂದಿ ಸಮುದಾಯ ಭವನದ ಮೇಲೆ ನಡೆದ ಬಾಂಬ್ ದಾಳಿ 85 ಜನರನ್ನು ಕೊಂದಿತು. ಅಲ್ಲಿದ್ದ ಯಿಡ್ಡಿಷ್ ಗ್ರಂಥಭಂಡಾರವೂ ಅವಶೇಷಗಳಡಿ ಹೂತುಹೋಯಿತು. ಸ್ವಯಂಸೇವಕರು ಬಗೆದು ತೆಗೆದಷ್ಟೇ ಉಳಿದದ್ದು.

ಇಂತಹ ಸಂದರ್ಭದಲ್ಲಿ ಸ್ಮಶಾನದ ಕಲ್ಲುಗಳೇ ಹೆಚ್ಚು ವಿಶ್ವಾಸಾರ್ಹ. ಹೀಬ್ರೂ ಸಂಪ್ರದಾಯದಂತೆ ಮೃತನ ಹೆಸರಿನೊಡನೆ ತಂದೆಯ ಹೆಸರನ್ನೂ ಕೆತ್ತುವುದರಿಂದ, ಅರ್ಜೆಂಟೀನಾವನ್ನು ಕಾಣದೆಯೇ ಪೊಡೋಲಿಯಾದಲ್ಲಿ ತೀರಿಹೋದ ತಲೆಮಾರೂ ಅಲ್ಲಿ ಪತ್ತೆಯಾಗುತ್ತದೆ.