ನೆರೆಹೊರೆಯ ಉಪಶಮನ ಆರೈಕೆ ಜಾಲ

ಹಾಸಿಗೆ ಹಿಡಿದ ಹಿರಿಯರನ್ನು, ವಾಸಿಯಾಗದ ಕಾಯಿಲೆಯವರನ್ನು ಅವರವರ ಮನೆಯಲ್ಲೇ ನೋಡಿಕೊಳ್ಳಲು ಕೇರಳದ ಹಳ್ಳಿ ಮತ್ತು ಸಣ್ಣ ಪಟ್ಟಣಗಳ ಜನ ಕಟ್ಟಿಕೊಂಡ ವ್ಯವಸ್ಥೆ. 1990ರ ದಶಕದ ಕೊನೆಯಲ್ಲಿ ಕೋಳಿಕ್ಕೋಡು ಮತ್ತು ಮಲಪ್ಪುರಂ ಭಾಗದಲ್ಲಿ ರೂಪುಗೊಂಡ ಈ ಜಾಲ 2008ರಲ್ಲಿ ರಾಜ್ಯ ಸರ್ಕಾರದ ನೀತಿಯ ಬಲ ಪಡೆದು ಪಂಚಾಯಿತಿಗಳ ಹೊಣೆಯಾಯಿತು. ಮಲಯಾಳಿಗಳ ಮಾತಿನಲ್ಲಿ ಇದು ಬರೀ ‘ಪಾಲಿಯೇಟಿವ್’. ‘ಇವತ್ತು ಪಾಲಿಯೇಟಿವ್‌ನವರು ಬರುತ್ತಾರೆ’ ಎಂದರೆ ಅಲ್ಲಿನ ಹಳ್ಳಿಮನೆಗಳಲ್ಲಿ ಯಾರಿಗೂ ವಿವರಣೆ ಬೇಕಾಗುವುದಿಲ್ಲ.

2011ರ ಜನಗಣತಿಯ ಪ್ರಕಾರ ಭಾರತದ ಜನಸಂಖ್ಯೆಯಲ್ಲಿ 60 ದಾಟಿದವರು ಶೇ 8.6ರಷ್ಟಿದ್ದರೆ ಕೇರಳದಲ್ಲಿ ಶೇ 12.6ರಷ್ಟಿದ್ದರು. ದೇಶದ ಹಿರಿಯರಲ್ಲಿ ಹತ್ತಕ್ಕೆ ಏಳು ಮಂದಿ ಹಳ್ಳಿಗಳಲ್ಲೇ ಇದ್ದರು. ಕೇರಳದ ಎಷ್ಟೋ ಮನೆಗಳಲ್ಲಿ ಮಕ್ಕಳು ಕೊಲ್ಲಿ ದೇಶಗಳಲ್ಲಿ ದುಡಿಯುತ್ತಾರೆ. ತಿಂಗಳು ತಿಂಗಳೂ ಹಣ ಬರುತ್ತದೆ; ಲಕ್ವ ಹೊಡೆದ ತಂದೆಯ ಮಗ್ಗುಲು ಬದಲಿಸಲು ಕೈಗಳಿರುವುದಿಲ್ಲ. ಇದ್ದರೆ ಅದು ವಯಸ್ಸಾದ ಹೆಂಡತಿಯದೋ ಸೊಸೆಯದೋ ಒಂಟಿ ಕೈ. ಆಸ್ಪತ್ರೆ ಎಷ್ಟೇ ಹತ್ತಿರವಿರಲಿ, ಹಾಸಿಗೆಯಿಂದ ಏಳಲಾರದವರಿಗೆ ಅದು ದೂರವೇ.

ಇದರ ಬೇರು ಕೋಳಿಕ್ಕೋಡಿನ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿದೆ. ಡಾ. ಎಂ. ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತು ಗೆಳೆಯರು 1993ರಲ್ಲಿ ಅಲ್ಲಿ ‘ಪೇನ್ ಅಂಡ್ ಪಾಲಿಯೇಟಿವ್ ಕೇರ್ ಸೊಸೈಟಿ’ ಆರಂಭಿಸಿದರು. ಕ್ಯಾನ್ಸರ್ ರೋಗಿಗಳ ನೋವು ತಗ್ಗಿಸುವುದು ಮೊದಲ ಗುರಿ. 1985ರ ಮಾದಕ ವಸ್ತು ಕಾಯ್ದೆಯ ಬಿಗಿಯಿಂದಾಗಿ ಮಾರ್ಫಿನ್ ಮಾತ್ರೆ ಸಿಗುವುದೇ ಕಷ್ಟವಾಗಿದ್ದ ದಿನಗಳವು. ಚಿಕಿತ್ಸಾಲಯ ಹೆಸರು ಮಾಡಿತು, ದೂರದೂರುಗಳಿಂದ ಜನ ಬಂದರು. ಅತ್ಯಂತ ಕಷ್ಟದಲ್ಲಿದ್ದವರಿಗೆ ಮಾತ್ರ ಬರಲು ಆಗುತ್ತಿರಲಿಲ್ಲ. ಬಂದವರ ಮನೆಯ ಗೋಳೂ ಮಾತ್ರೆಗೆ ಬಗ್ಗುವಂಥದ್ದಾಗಿರಲಿಲ್ಲ: ಮನೆಯಲ್ಲಿ ಅಕ್ಕಿಯಿಲ್ಲ, ಮಕ್ಕಳು ಶಾಲೆ ಬಿಟ್ಟಿವೆ, ನೋಡಿಕೊಳ್ಳುವವಳು ರಾತ್ರಿಯಿಡೀ ನಿದ್ದೆಗೆಟ್ಟಿದ್ದಾಳೆ. ದೀರ್ಘ ಕಾಯಿಲೆ ಮತ್ತು ಮುಪ್ಪಿನ ನರಳಾಟ ಮೂಲತಃ ಸಾಮಾಜಿಕ ಸಮಸ್ಯೆ, ವೈದ್ಯಕೀಯ ಅದರ ಒಂದು ಭಾಗ ಮಾತ್ರ ಎಂಬ ನಿಲುವಿಗೆ ಈ ವೈದ್ಯರು ಬಂದದ್ದು ಇಲ್ಲಿಂದ. ಇಡೀ ಜಾಲ ನಿಂತಿರುವುದು ಈ ಒಂದು ತಿಳಿವಿನ ಮೇಲೆ.

ಹಾಗಾಗಿ ಅವರು ಹುಡುಕಿದ್ದು ನೆರೆಯವರನ್ನು. ವಾರಕ್ಕೆ ಒಂದೆರಡು ಗಂಟೆ ಬಿಡುವು ಮಾಡಿಕೊಳ್ಳಬಲ್ಲವರು ಮುಂದೆ ಬಂದರೆ ಅವರಿಗೆ 16 ಗಂಟೆಗಳ ಪಾಠ, ನಾಲ್ಕು ದಿನ ಅನುಭವಿಗಳ ಜೊತೆ ರೋಗಿಗಳ ನಡುವೆ ತರಬೇತಿ. ಶಾಲಾ ಮಾಸ್ತರರು, ರೈತರು, ಗೃಹಿಣಿಯರು, ಕಾಲೇಜು ವಿದ್ಯಾರ್ಥಿಗಳು, ಆಟೊ ಚಾಲಕರು ಬಂದರು. ಮಾತಾಡಿಸುವುದು, ಮೈ ಒರೆಸುವುದು, ಹಾಸಿಗೆ ಹುಣ್ಣು ಬಾರದಂತೆ ಮಲಗಿಸುವ ಬಗೆಯನ್ನು ಮನೆಯವರಿಗೆ ಕಲಿಸುವುದು, ಪಿಂಚಣಿ ಅರ್ಜಿ ಬರೆದುಕೊಡುವುದು, ಯಾರ ಮನೆಯಲ್ಲಿ ಏನು ಕೊರತೆ ಎಂದು ಗುರುತಿಟ್ಟುಕೊಳ್ಳುವುದು ಅವರ ಕೆಲಸ. ಆರಂಭದ ವರ್ಷಗಳಲ್ಲಿ ಹಣದ ಬಹುಪಾಲು ಊರಿನ ಸಣ್ಣ ದೇಣಿಗೆಗಳಿಂದಲೇ ಬಂತು. ಅಂಗಡಿಯ ಡಬ್ಬಿಯಲ್ಲಿ ಬಿದ್ದ ನಾಣ್ಯವೂ ಅದರಲ್ಲಿತ್ತು. 2007ರ ಹೊತ್ತಿಗೆ 60ಕ್ಕೂ ಹೆಚ್ಚು ಘಟಕಗಳು ಕೆಲಸ ಮಾಡುತ್ತಿದ್ದವು.

ಕ್ಯಾನ್ಸರಿಗೆಂದು ಹುಟ್ಟಿದ್ದು ಮುಪ್ಪಿನ ಕಡೆ ತಿರುಗಿದ್ದಕ್ಕೆ ಕಾರಣ ಈ ಸ್ವಯಂಸೇವಕರೇ. ಕ್ಯಾನ್ಸರ್ ರೋಗಿಯ ಮನೆಗೆ ಹೋಗುವ ದಾರಿಯಲ್ಲಿ ಲಕ್ವದವರು, ಸೊಂಟ ಮುರಿದವರು, ಮರೆವು ಕವಿದವರು, ಬರೀ ವಯಸ್ಸಿನಿಂದಲೇ ಕುಸಿದವರು ಇರುವಾಗ, ಯಾವ ಕಾಯಿಲೆ ಎಂದು ಕೇಳಿ ಮುಂದೆ ನಡೆಯುವುದು ನೆರೆಯವರಿಗೆ ಸಾಧ್ಯವಾಗಲಿಲ್ಲ. ರೋಗದ ಹೆಸರಲ್ಲ, ಅಗತ್ಯವೇ ಅಳತೆಯಾಯಿತು. ಆಸ್ಪತ್ರೆಯೊಂದು ಇಂಥ ತೀರ್ಮಾನಕ್ಕೆ ಬರಲು ಎಷ್ಟು ವರ್ಷ ಬೇಕಾಗುತ್ತಿತ್ತೋ!

ದಾನದ ಉತ್ಸಾಹ ಏರಿಳಿಯುತ್ತದೆ; ಹಾಸಿಗೆ ಹಿಡಿದವರಿಗೆ ಪ್ರತಿ ತಿಂಗಳೂ ಆರೈಕೆ ಬೇಕು. 2008ರ ನೀತಿಯ ಮಹತ್ವ ಇಲ್ಲಿದೆ. 1996ರ ‘ಜನಕೀಯ ಯೋಜನೆ’ ಎಂಬ ಅಧಿಕಾರ ವಿಕೇಂದ್ರೀಕರಣ ಕಾರ್ಯಕ್ರಮದಿಂದ ಕೇರಳದ ಪಂಚಾಯಿತಿಗಳ ಕೈಗೆ ಯೋಜನಾ ಹಣದ ದೊಡ್ಡ ಪಾಲು ಬಂದಿತ್ತು, ಪ್ರಾಥಮಿಕ ಆರೋಗ್ಯ ಕೇಂದ್ರಗಳೂ ಅವುಗಳ ಅಡಿಗೆ ಸೇರಿದ್ದವು. ಈ ನೀತಿಯಡಿ ಉಪಶಮನ ಆರೈಕೆಗೆಂದೇ ತರಬೇತಿ ಪಡೆದ ನರ್ಸನ್ನು ಪಂಚಾಯಿತಿ ನೇಮಿಸುತ್ತದೆ, ವಾಹನಕ್ಕೂ ಔಷಧಿಗೂ ಹಣ ತೆಗೆದಿಡುತ್ತದೆ. ಆಶಾ ಕಾರ್ಯಕರ್ತೆ, ವಾರ್ಡ್ ಸದಸ್ಯರು, ಸ್ವಯಂಸೇವಕರು ಜೊತೆಗೂಡುತ್ತಾರೆ. ನರ್ಸು ಕ್ಯಾಥೆಟರ್ ಬದಲಿಸುತ್ತಾರೆ, ಹುಣ್ಣು ತೊಳೆದು ಪಟ್ಟಿ ಕಟ್ಟುತ್ತಾರೆ, ಮೂಗಿನ ನಳಿಕೆಯಲ್ಲಿ ಗಂಜಿ ಕೊಡುವುದನ್ನು ಮನೆಯವರಿಗೆ ತೋರಿಸುತ್ತಾರೆ. ಕೈಮೀರಿದ್ದು ತಾಲ್ಲೂಕು ಆಸ್ಪತ್ರೆಯ ಘಟಕಕ್ಕೆ ಹೋಗುತ್ತದೆ. ಗಾಲಿಕುರ್ಚಿ, ಗಾಳಿಹಾಸಿಗೆಗಳು ಒಂದು ಮನೆಯಲ್ಲಿ ಕೆಲಸ ಮುಗಿದ ಮೇಲೆ ಮತ್ತೊಂದು ಮನೆಗೆ ಸಾಗುತ್ತವೆ.

ರಾಜ್ಯದ ಉತ್ತರ ತುದಿಯ ಕಾಸರಗೋಡು ಜಿಲ್ಲೆಯಲ್ಲಿ, ಮಂಜೇಶ್ವರ, ಕುಂಬಳೆ, ಬದಿಯಡ್ಕಗಳಂಥ ಪಂಚಾಯಿತಿಗಳ ಕನ್ನಡ, ತುಳು ಮಾತಾಡುವ ಮನೆಗಳೂ ಇದೇ ನೀತಿಯ ವ್ಯಾಪ್ತಿಯಲ್ಲಿವೆ.

ಜಗತ್ತಿನ ಗಮನ ಬಹಳ ಬೇಗ ಇತ್ತ ಹರಿಯಿತು. 2010ರಲ್ಲಿ ಪ್ರಕಟವಾದ ‘ಸಾವಿನ ಗುಣಮಟ್ಟ ಸೂಚ್ಯಂಕ’ದಲ್ಲಿ 40 ದೇಶಗಳ ಪೈಕಿ ಭಾರತಕ್ಕೆ ಕೊನೆಯ ಸ್ಥಾನ, ಅದೇ ವರದಿಯಲ್ಲಿ ಕೇರಳಕ್ಕೆ ಮೆಚ್ಚುಗೆ. 2022ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯ ಆಯೋಗವೂ ಕೇರಳವನ್ನು ಮಾದರಿಯಾಗಿ ತೋರಿಸಿತು.

ಕೊರತೆಗಳನ್ನು ಮುಚ್ಚಿಡಬಾರದು. ನರ್ಸುಗಳು ಬಹುತೇಕ ಗುತ್ತಿಗೆಯ ಮೇಲೆ ದುಡಿಯುತ್ತಾರೆ, ಒಬ್ಬರ ಪಾಲಿಗೆ ಬರುವ ಮನೆಗಳು ಹೆಚ್ಚು. ಮರೆವಿನ ಕಾಯಿಲೆಯವರಿಗೆ ಹಗಲಿಡೀ ಕಾವಲು ಬೇಕು. ತಿಂಗಳಿಗೆ ಒಂದೆರಡು ಭೇಟಿಯಿಂದ ಅದು ನೀಗುವುದಿಲ್ಲ. ದಿನನಿತ್ಯದ ಶುಶ್ರೂಷೆಯ ಭಾರ ಇಂದಿಗೂ ಮನೆಯ ಹೆಂಗಸರ ಮೇಲೆಯೇ ಇದೆ, ಅವರ ಬಿಡುವಿನ ಪ್ರಶ್ನೆಯನ್ನು ಈ ಜಾಲ ಪೂರ್ತಿ ಬಿಡಿಸಿಲ್ಲ.

ಮಾದರಿಯನ್ನು ಕರ್ನಾಟಕಕ್ಕೆ ಹಾಗೆಯೇ ಎತ್ತಿಡಲೂ ಆಗದು. ಕೇರಳದಲ್ಲಿ ಗ್ರಾಮ ಪಂಚಾಯಿತಿಗಳು 941, ಒಂದೊಂದರಲ್ಲೂ ಹತ್ತಾರು ಸಾವಿರ ಜನ. ಕರ್ನಾಟಕದಲ್ಲಿ ಸುಮಾರು 6,000 ಪಂಚಾಯಿತಿಗಳಿದ್ದು ಪ್ರತಿಯೊಂದೂ ಚಿಕ್ಕದು, ಆದಾಯವೂ ಕಡಿಮೆ. ಮೂರುನಾಲ್ಕು ಪಂಚಾಯಿತಿಗಳು ಸೇರಿ ಒಬ್ಬ ನರ್ಸನ್ನು ಇಟ್ಟುಕೊಳ್ಳುವುದು ಇಲ್ಲಿಗೆ ಹೊಂದುವ ದಾರಿ. ತಳಹದಿಯೇ ಇಲ್ಲವೆಂದಲ್ಲ. 65 ದಾಟಿದ ಬಡವರಿಗೆ 2007ರಿಂದ ಸಂಧ್ಯಾ ಸುರಕ್ಷಾ ಪಿಂಚಣಿಯಿದೆ. 2024ರಲ್ಲಿ ಕೋಲಾರ ಜಿಲ್ಲೆಯಿಂದ ಆರಂಭವಾದ ‘ಗೃಹ ಆರೋಗ್ಯ’ ಯೋಜನೆಯಲ್ಲಿ ಬಿಪಿ, ಸಕ್ಕರೆ ಕಾಯಿಲೆಗಳ ತಪಾಸಣೆ ಮನೆಬಾಗಿಲಿಗೆ ಬಂದಿದೆ. ದುಡಿಯುವ ತಾಯಂದಿರ ಎಳೆಯ ಮಕ್ಕಳಿಗಾಗಿ ಪಂಚಾಯಿತಿಗಳು ‘ಕೂಸಿನ ಮನೆ’ ನಡೆಸುತ್ತಿವೆ. ಕೂಸನ್ನು ನೋಡಿಕೊಳ್ಳುವುದು ಊರಿನ ಕೆಲಸ ಎಂದು ಒಪ್ಪಿಕೊಂಡ ಪಂಚಾಯಿತಿ, ಹಾಸಿಗೆ ಹಿಡಿದ ಅಜ್ಜಿಯ ಹೆಸರಿನಲ್ಲೂ ತನ್ನ ಮುಂದಿನ ವರ್ಷದ ಬಜೆಟ್ಟಿನಲ್ಲಿ ಒಂದು ಸಾಲು ಬರೆಯಬೇಕು.